ಕಲ್ಲಹಳ್ಳಿಯಿಂದ ಭೂನ್ಯಾಯಮಂಡಳಿಯವರೆಗೆ: ದೇವರಾಜ ಅರಸು ಅವರ ಬದುಕು ಮತ್ತು ಕರ್ನಾಟಕದ ಸಾಮಾಜಿಕ ಸ್ಥಿತ್ಯಂತರ

ಎಪ್ಪತ್ತರ ದಶಕವನ್ನು ಆಧುನಿಕ ಕನ್ನಡ ಸಾಹಿತ್ಯ ಚರಿತ್ರೆಯ ನಿರ್ಣಾಯಕ ಘಟ್ಟವೆಂದು ಗುರುತಿಸುವುದು ನಮ್ಮ ಅಧ್ಯಯನಗಳಲ್ಲಿ ರೂಢಿಯಾಗಿದೆ. ನವ್ಯದ ಇಳಿಗಾಲ, ಬೂಸಾ ಪ್ರಕರಣ, ತುರ್ತು ಪರಿಸ್ಥಿತಿ, ದಲಿತ ಮತ್ತು ಬಂಡಾಯ ಚಳವಳಿಗಳ ಉದಯ ಇವೆಲ್ಲವನ್ನೂ ವಿಸ್ತಾರವಾಗಿ ಚರ್ಚಿಸುವ ನಾವು, ಆ ಕಾಲದ ಪ್ರಭುತ್ವವನ್ನು ಮಾತ್ರ ರಂಗದ ಹಿಂಪರದೆಯಂತೆ ನೋಡಿ ಮುಂದೆ ಸಾಗುತ್ತೇವೆ. ರಾಜಕಾರಣಿಯ ಬದುಕು ರಾಜ್ಯಶಾಸ್ತ್ರ ವಿಭಾಗದವರ ವಿಷಯ ಎಂಬ ಅಲಿಖಿತ ಒಪ್ಪಂದವೂ ಇದರ ಹಿಂದೆ ಇರಬಹುದು. ಆದರೆ ಯಾವ ಸಮುದಾಯಗಳಿಂದ ಎಪ್ಪತ್ತರ ದಶಕದಲ್ಲಿ ಹೊಸ ಓದುಗರೂ ಹೊಸ ಲೇಖಕರೂ ಬಂದರೋ ಆ ಸಮುದಾಯಗಳ ಹೊಲ, ಹಾಸ್ಟೆಲು, ಉದ್ಯೋಗಗಳ ಸ್ವರೂಪವನ್ನು ಬದಲಿಸಿದ ನಿರ್ಧಾರಗಳನ್ನು ಬದಿಗಿಟ್ಟು ಆ ಸಾಹಿತ್ಯವನ್ನು ವಿವರಿಸುವುದು ಅರ್ಧ ವಿವರಣೆಯಷ್ಟೇ ಆಗುತ್ತದೆ. ಈ ಹಿನ್ನೆಲೆಯಲ್ಲಿ ಡಿ. ದೇವರಾಜ ಅರಸು (1915-1982) ಅವರ ಬದುಕನ್ನು ಪುನರವಲೋಕಿಸುವುದು ಪ್ರಸ್ತುತ ಲೇಖನದ ಉದ್ದೇಶ. ಹಿಂದುಳಿದ ವರ್ಗಗಳ ಹರಿಕಾರ ಎಂಬ ಬಿರುದಿನಲ್ಲಿ ಅವರನ್ನು ಪ್ರತಿಷ್ಠಾಪಿಸಿ ಕೈಮುಗಿಯುವ ಪರಿಪಾಠ ಈಗಾಗಲೇ ಬೆಳೆದಿದೆ. ಆ ಪರಿಪಾಠದಿಂದ ಅರಸು ಅವರನ್ನು ತುಸು ಹೊರತಂದು ನೋಡುವ ಅಗತ್ಯವಿದೆ.

ಅರಸು ಅವರು ಹುಟ್ಟಿದ್ದು 1915ರ ಆಗಸ್ಟ್ 20ರಂದು, ಮೈಸೂರು ಜಿಲ್ಲೆಯ ಹುಣಸೂರು ತಾಲ್ಲೂಕಿನ ಕಲ್ಲಹಳ್ಳಿಯಲ್ಲಿ. ಕನ್ನಡ ಅಧ್ಯಾಪಕರಿಗೆ ಈ ಊರಿನ ಹೆಸರು ಹೊಸದಲ್ಲ. ಹದಿನಾರನೆಯ ಶತಮಾನದ ಆರಂಭದಲ್ಲಿದ್ದ ಮೂರನೆಯ ಮಂಗರಸ, ನೇಮಿಜಿನೇಶ ಸಂಗತಿಯನ್ನೂ ಸೂಪಶಾಸ್ತ್ರವನ್ನೂ ಬರೆದ ಜೈನ ಕವಿ, ಇದೇ ಕಲ್ಲಹಳ್ಳಿಯ ಪ್ರಭುವಾಗಿದ್ದವನು. ಅರಸು ಸಮುದಾಯ ಸಂಖ್ಯೆಯಲ್ಲಿ ತೀರ ಚಿಕ್ಕದು. ಮೈಸೂರು ರಾಜಮನೆತನದೊಡನೆ ಹೆಣ್ಣು ಕೊಟ್ಟು ತರುವ ಸಂಬಂಧವಿದ್ದುದರಿಂದ ಅದರ ಸಾಮಾಜಿಕ ಸ್ಥಾನ ಮಾತ್ರ ಎತ್ತರದ್ದು. ಮೈಸೂರಿನಲ್ಲಿ ಆ ಸಮುದಾಯದ ಹುಡುಗರಿಗಾಗಿಯೇ ಇದ್ದ ಅರಸು ಬೋರ್ಡಿಂಗ್ ಶಾಲೆಯಲ್ಲಿ ಅವರ ವಿದ್ಯಾಭ್ಯಾಸ ನಡೆಯಿತು. ಬೆಂಗಳೂರಿನ ಸೆಂಟ್ರಲ್ ಕಾಲೇಜಿನಲ್ಲಿ ಬಿ.ಎಸ್ಸಿ. ಮುಗಿಸಿದ ಮೇಲೆ ಅರಮನೆಯ ಅಥವಾ ಸರ್ಕಾರದ ನೌಕರಿ ಹಿಡಿಯುವುದಕ್ಕೆ ಅವಕಾಶವಿದ್ದರೂ ಊರಿಗೆ ಮರಳಿ ಬೇಸಾಯದಲ್ಲಿ ತೊಡಗಿದರು. ತಮ್ಮ ಕೆಂಪರಾಜ ಅರಸು ಸಿನಿಮಾ ನಟ, ನಿರ್ದೇಶಕರಾಗಿ ಹೆಸರು ಮಾಡಿದರು.

1941ರಲ್ಲಿ ಅರಸು ಅವರು ಮೈಸೂರು ಪ್ರಜಾಪ್ರತಿನಿಧಿ ಸಭೆಗೆ ಆಯ್ಕೆಯಾದರು. 1881ರಲ್ಲಿ ಆರಂಭವಾದ ಈ ಸಭೆ ಸಲಹೆ ಕೊಡಬಲ್ಲದೇ ಹೊರತು ಆಳಬಲ್ಲದಾಗಿರಲಿಲ್ಲ. ಆದರೂ ಹಳ್ಳಿಯ ಜಮೀನುದಾರ ಮನೆತನಗಳ ತರುಣರು ಆಡಳಿತದ ಭಾಷೆಯನ್ನು ಕಲಿತದ್ದು ಅಲ್ಲಿಯೇ. ರಾಜಮನೆತನದ ನೆಂಟಸ್ತಿಕೆಯಿದ್ದ ಸಮುದಾಯದಿಂದ ಬಂದ ಒಬ್ಬ ತರುಣ ಜವಾಬ್ದಾರಿ ಸರ್ಕಾರಕ್ಕಾಗಿ ಹೋರಾಡುತ್ತಿದ್ದ ಕಾಂಗ್ರೆಸ್ಸಿನ ಜೊತೆ ನಿಂತದ್ದು ಗಮನಾರ್ಹವಾದುದು. 1952ರ ಮೊದಲ ಸಾರ್ವತ್ರಿಕ ಚುನಾವಣೆಯಿಂದ ಹುಣಸೂರು ಅವರ ಕ್ಷೇತ್ರವಾಯಿತು. ಅರವತ್ತರ ದಶಕದಲ್ಲಿ ಎಸ್. ನಿಜಲಿಂಗಪ್ಪನವರ ಸಂಪುಟದಲ್ಲಿ ಸಚಿವರೂ ಆದರು. ಈ ಇಪ್ಪತ್ತು ವರ್ಷಗಳಲ್ಲಿ ಅವರ ಮುಂದಿನ ರಾಜಕಾರಣದ ಸುಳಿವು ಅಷ್ಟಾಗಿ ಕಾಣುವುದಿಲ್ಲ. ಹಳೆಯ ಮೈಸೂರಿನ ಅನೇಕ ಕಾಂಗ್ರೆಸ್ ನಾಯಕರಲ್ಲಿ ಒಬ್ಬರಾಗಿ, ಬಣಗಳ ಲೆಕ್ಕಾಚಾರವನ್ನು ಮೌನವಾಗಿ ಗಮನಿಸುತ್ತ ಇದ್ದವರಂತೆ ತೋರುತ್ತಾರೆ.

ಆ ಲೆಕ್ಕಾಚಾರದ ಸ್ವರೂಪವನ್ನು ಇಲ್ಲಿ ಸ್ವಲ್ಪ ಬಿಡಿಸಿ ನೋಡಬೇಕು. ಮೈಸೂರು ಸಂಸ್ಥಾನದಲ್ಲಿ ಬ್ರಾಹ್ಮಣೇತರ ಚಳವಳಿ 1917ರ ಪ್ರಜಾಮಿತ್ರ ಮಂಡಳಿಯ ಕಾಲದಿಂದಲೂ ಇತ್ತು. 1918ರಲ್ಲಿ ನೇಮಕಗೊಂಡ ಮಿಲ್ಲರ್ ಸಮಿತಿಯ ಶಿಫಾರಸಿನಂತೆ ಸರ್ಕಾರಿ ನೌಕರಿಯಲ್ಲಿ ಬ್ರಾಹ್ಮಣೇತರರಿಗೆ ಆದ್ಯತೆಯೂ ಸಿಕ್ಕಿತ್ತು. ಆದರೆ ಬ್ರಾಹ್ಮಣೇತರ ಎಂಬ ಆ ದೊಡ್ಡ ಚಪ್ಪರದ ಅಡಿಯಲ್ಲಿ ನೆರಳು ಪಡೆದವರು ಮುಖ್ಯವಾಗಿ ಒಕ್ಕಲಿಗರು ಮತ್ತು ಲಿಂಗಾಯತರು. 1956ರ ಏಕೀಕರಣದವರೆಗೆ ಒಕ್ಕಲಿಗ ಮುಖ್ಯಮಂತ್ರಿಗಳು, ಆನಂತರ 1971ರವರೆಗೆ ಲಿಂಗಾಯತ ಮುಖ್ಯಮಂತ್ರಿಗಳು ಆಳಿದರು. ಎಂ.ಎನ್. ಶ್ರೀನಿವಾಸ್ ಅವರು ಪ್ರಬಲ ಜಾತಿ ಎಂಬ ಪರಿಕಲ್ಪನೆಯನ್ನು ರೂಪಿಸಿದ್ದು 1948ರಲ್ಲಿ ಮೈಸೂರು ಸೀಮೆಯ ಒಂದು ಹಳ್ಳಿಯಲ್ಲಿ ಕೈಗೊಂಡ ಕ್ಷೇತ್ರಕಾರ್ಯದ ಆಧಾರದ ಮೇಲೆ ಎಂಬುದನ್ನು ನೆನೆದರೆ, ಸಮಾಜಶಾಸ್ತ್ರಜ್ಞ ವಿವರಿಸಿದ್ದ ವ್ಯವಸ್ಥೆಯನ್ನು ಅದೇ ಸೀಮೆಯ ರಾಜಕಾರಣಿ ಇನ್ನೊಂದು ಕಡೆಯಿಂದ ಓದುತ್ತಿದ್ದನೆಂಬುದು ಹೊಳೆಯುತ್ತದೆ. ತನ್ನದೇ ಜಾತಿಯ ಓಟುಗಳನ್ನು ನಂಬಿ ಅಧಿಕಾರಕ್ಕೆ ಬರುವುದು ಅರಸು ಅವರಿಗೆ ಎಂದೂ ಸಾಧ್ಯವಿರಲಿಲ್ಲ. ಕುರುಬ, ಈಡಿಗ, ಬೇಡ, ಬೆಸ್ತ, ಗಾಣಿಗ, ಮಡಿವಾಳ, ದೇವಾಡಿಗ, ಮುಸ್ಲಿಂ, ಹೊಲೆಯ, ಮಾದಿಗ ಹೀಗೆ ಚದುರಿಹೋಗಿದ್ದ ಸಮುದಾಯಗಳನ್ನು ಒಟ್ಟುಗೂಡಿಸಿದರೆ ಅವೇ ಬಹುಸಂಖ್ಯೆ ಎಂಬ ಸರಳ ಗಣಿತ ಅವರಿಗೆ ಉಳಿದಿದ್ದ ಏಕೈಕ ದಾರಿಯಾಗಿತ್ತು. ಅವರ ಸಾಮಾಜಿಕ ಕಳಕಳಿಯನ್ನು ಅನುಮಾನಿಸಬೇಕಾಗಿಲ್ಲ. ಆದರೆ ಕಳಕಳಿ ಮತ್ತು ಅನಿವಾರ್ಯತೆ ಅವರಲ್ಲಿ ಬೇರ್ಪಡಿಸಲಾಗದಂತೆ ಹೆಣೆದುಕೊಂಡಿದ್ದವು ಎಂಬುದನ್ನು ಒಪ್ಪಿಕೊಂಡರೆ ಮುಂದಿನ ಘಟನೆಗಳು ಹೆಚ್ಚು ಸ್ಪಷ್ಟವಾಗುತ್ತವೆ.

ಅವಕಾಶ ಒದಗಿದ್ದು 1969ರಲ್ಲಿ. ಆ ವರ್ಷದ ಜುಲೈನಲ್ಲಿ ಬೆಂಗಳೂರಿನ ಲಾಲ್‌ಬಾಗಿನ ಗಾಜಿನ ಮನೆಯಲ್ಲಿ ನಡೆದ ಅಖಿಲ ಭಾರತ ಕಾಂಗ್ರೆಸ್ ಸಮಿತಿಯ ಅಧಿವೇಶನದಲ್ಲಿ ಕಾಣಿಸಿಕೊಂಡ ಬಿರುಕು ವರ್ಷಾಂತ್ಯದೊಳಗೆ ಪಕ್ಷವನ್ನು ಎರಡಾಗಿಸಿತು. ಅಧ್ಯಕ್ಷ ನಿಜಲಿಂಗಪ್ಪ, ಮುಖ್ಯಮಂತ್ರಿ ವೀರೇಂದ್ರ ಪಾಟೀಲರಾದಿಯಾಗಿ ರಾಜ್ಯದ ಕಾಂಗ್ರೆಸ್ಸಿನ ಬಹುಭಾಗ ಸಂಸ್ಥಾ ಕಾಂಗ್ರೆಸ್ಸಿನ ಕಡೆ ನಿಂತಾಗ ಇಂದಿರಾ ಗಾಂಧಿಯವರ ಬಣವನ್ನು ಇಲ್ಲಿ ಕಟ್ಟುವ ಹೊಣೆ ಅರಸು ಅವರ ಮೇಲೆ ಬಿತ್ತು. ಪ್ರಬಲರೆಲ್ಲ ಎದುರು ಪಾಳೆಯದಲ್ಲಿದ್ದುದೇ ಅವರಿಗೆ ಅನುಕೂಲವಾಯಿತು, ಟಿಕೆಟುಗಳನ್ನು ಹೊಸಬರಿಗೆ ಹಂಚಲು ತಡೆಯೊಡ್ಡುವವರೇ ಇರಲಿಲ್ಲ. 1971ರ ಲೋಕಸಭಾ ಚುನಾವಣೆಯಲ್ಲಿ ರಾಜ್ಯದ 27 ಸ್ಥಾನಗಳೂ, 1972ರ ವಿಧಾನಸಭಾ ಚುನಾವಣೆಯಲ್ಲಿ 216ರಲ್ಲಿ 165 ಸ್ಥಾನಗಳೂ ಅವರ ಪಕ್ಷಕ್ಕೆ ದಕ್ಕಿದವು. 1972ರ ಮಾರ್ಚ್ 20ರಂದು ಅರಸು ಮುಖ್ಯಮಂತ್ರಿಯಾದರು. ಕಾರ್ಕಳದಿಂದ ಎಂ. ವೀರಪ್ಪ ಮೊಯಿಲಿ, ಗುರುಮಿಠಕಲ್‌ನಿಂದ ಮಲ್ಲಿಕಾರ್ಜುನ ಖರ್ಗೆ ಮೊದಲ ಬಾರಿಗೆ ವಿಧಾನಸಭೆ ಪ್ರವೇಶಿಸಿದ್ದು ಈ ಚುನಾವಣೆಯಲ್ಲಿಯೇ.

ರಾಜ್ಯಕ್ಕೆ ಕರ್ನಾಟಕವೆಂದು ಮರುನಾಮಕರಣವಾದದ್ದು ಈ ಅವಧಿಯ ಘಟನೆಗಳಲ್ಲಿ ಕನ್ನಡಿಗರ ಮನಸ್ಸಿನಲ್ಲಿ ಹೆಚ್ಚು ಉಳಿದಿರುವುದು. ವಿಧಾನಸಭೆ ನಿರ್ಣಯ ಕೈಗೊಂಡದ್ದು 1972ರ ಜುಲೈನಲ್ಲಿ. ಹೊಸ ಹೆಸರು ಜಾರಿಗೆ ಬಂದದ್ದು 1973ರ ನವೆಂಬರ್ 1ರಂದು. ಇದಕ್ಕಾಗಿ ಶಾಸನಸಭೆಯಲ್ಲಿ ಹಟ ಹಿಡಿದು ವಾದಿಸಿದ್ದ ಸಮಾಜವಾದಿ ಶಾಂತವೇರಿ ಗೋಪಾಲಗೌಡರು ಆ ನಿರ್ಣಯಕ್ಕೆ ಕೆಲವೇ ವಾರಗಳ ಮುಂಚೆ, ಜೂನ್ 9ರಂದು, ತೀರಿಕೊಂಡಿದ್ದರು. ಗೋಪಾಲಗೌಡರ ಇನ್ನೊಂದು ಕನಸೂ ಅರಸು ಅವರ ಕೈಯಲ್ಲೇ ಕಾನೂನಾಯಿತೆಂಬುದು ಚರಿತ್ರೆಯ ವಿಚಿತ್ರ.

ಆ ಕನಸಿನ ಮೂಲ ಕಾಗೋಡಿನಲ್ಲಿದೆ. ಸಾಗರ ತಾಲ್ಲೂಕಿನ ಆ ಹಳ್ಳಿಯಲ್ಲಿ 1951ರಲ್ಲಿ ದೀವರ ಗೇಣಿದಾರರು ಎದ್ದು ನಿಂತದ್ದು ಗೇಣಿಯ ಭತ್ತ ಅಳೆಯುವ ಕೊಳಗದ ಗಾತ್ರದ ಪ್ರಶ್ನೆಯ ಮೇಲೆ. ಎಚ್. ಗಣಪತಿಯಪ್ಪನವರು ಕಟ್ಟಿದ ರೈತಸಂಘ, ಸಮಾಜವಾದಿ ಪಕ್ಷದ ಬೆಂಬಲ, ರಾಮಮನೋಹರ ಲೋಹಿಯಾ ಅವರ ಬಂಧನ ಇವು ನಮ್ಮ ಓದುಗರಿಗೆ ಪರಿಚಿತ. ಅದಕ್ಕೂ ಮೊದಲೇ, ನಲವತ್ತರ ದಶಕದಲ್ಲಿ, ಉತ್ತರ ಕನ್ನಡದ ಗೇಣಿದಾರರನ್ನು ಸಂಘಟಿಸಿ ಜಿಲ್ಲೆಯಿಂದ ಗಡೀಪಾರಾಗಿದ್ದವರು ಚುಟುಕದ ಕವಿ ದಿನಕರ ದೇಸಾಯಿ. ಏಕೀಕರಣದ ನಂತರ ಬಂದ 1961ರ ಭೂಸುಧಾರಣಾ ಕಾಯ್ದೆ ಜಾರಿಯಾಗಲು 1965ರವರೆಗೆ ಕಾಯಬೇಕಾಯಿತು. ಸ್ವಂತ ಸಾಗುವಳಿಯ ನೆಪದಲ್ಲಿ ಧಣಿಗಳು ಜಮೀನನ್ನು ಮರಳಿ ಪಡೆಯಲು ಆ ಕಾಯ್ದೆಯಲ್ಲಿ ದಾರಿಯಿತ್ತು. ಕಾನೂನಿನ ಭಯದಿಂದಲೇ ಎಷ್ಟೋ ಒಕ್ಕಲುಗಳನ್ನು ಎಬ್ಬಿಸಲಾಯಿತು.

ಅರಸು ಸರ್ಕಾರದ ತಿದ್ದುಪಡಿ 1974ರ ಮಾರ್ಚ್ 1ರಿಂದ ಜಾರಿಗೆ ಬಂತು. ಅದು ಗೇಣಿಯ ದರವನ್ನು ತಿದ್ದುವ ಗೋಜಿಗೇ ಹೋಗದೆ ಗೇಣಿ ಪದ್ಧತಿಯನ್ನೇ ತೆಗೆದುಹಾಕಿತು. ಗೇಣಿಯಲ್ಲಿದ್ದ ಜಮೀನೆಲ್ಲ ಆ ದಿನದಿಂದ ಸರ್ಕಾರದ ವಶ. ಉಳುತ್ತಿದ್ದವನು ಅರ್ಜಿ ಹಾಕಿ, ನಿಗದಿಯಾದ ಹಣ ಕಟ್ಟಿ ಅಧಿಭೋಗದಾರಿಕೆಯ ಹಕ್ಕು ಪಡೆಯಬೇಕು. ಸೈನಿಕರು ಮತ್ತು ನಾವಿಕರ ಹೊರತು ಯಾವ ಒಡೆಯನಿಗೂ ವಿನಾಯಿತಿ ಇರಲಿಲ್ಲ. ಐದು ಜನರ ಕುಟುಂಬಕ್ಕೆ 10 ಯೂನಿಟ್‌ಗಳ ಮಿತಿ. ಉತ್ತಮ ನೀರಾವರಿಯಾದರೆ ಅದು 10 ಎಕರೆ, ಕೇವಲ ಖುಷ್ಕಿಯಾದರೆ 54 ಎಕರೆಯವರೆಗೆ. ತೀರ್ಮಾನಿಸುವ ಅಧಿಕಾರ ಸಿವಿಲ್ ನ್ಯಾಯಾಲಯಗಳಿಂದ ತಾಲ್ಲೂಕಿನ ಭೂನ್ಯಾಯಮಂಡಳಿಗೆ ಹೋಯಿತು. ಉಪವಿಭಾಗಾಧಿಕಾರಿ ಅಧ್ಯಕ್ಷ, ಸರ್ಕಾರ ನೇಮಿಸಿದ ನಾಲ್ವರು ಸದಸ್ಯರು, ಅವರಲ್ಲಿ ಒಬ್ಬರಾದರೂ ಪರಿಶಿಷ್ಟ ಜಾತಿ ಅಥವಾ ಪಂಗಡದವರು. ವಕೀಲರಿಗೆ ಪ್ರವೇಶವಿಲ್ಲ. ಮೇಲ್ಮನವಿಯೂ ಇಲ್ಲ, ಬೇಕಾದರೆ ಹೈಕೋರ್ಟಿನಲ್ಲಿ ರಿಟ್ ಹಾಕಬೇಕು.

ಕಾಯ್ದೆಯ ನಿಜವಾದ ಕ್ರಾಂತಿಕಾರಕ ಅಂಶ ಈ ಕೊನೆಯ ಮೂರು ವಾಕ್ಯಗಳಲ್ಲಿದೆ ಎಂಬುದು ನನ್ನ ಅಭಿಪ್ರಾಯ. ಗೇಣಿದಾರನ ಬಳಿ ಸಾಮಾನ್ಯವಾಗಿ ಗೇಣಿಚೀಟಿ ಇರಲಿಲ್ಲ, ಪಹಣಿಯಲ್ಲಿ ಹೆಸರಿರಲಿಲ್ಲ. ಬರಹ ಧಣಿಯ ಬಳಿ ಇತ್ತು, ಮಾತು ಒಕ್ಕಲಿನ ಬಳಿ ಇತ್ತು. ಲಿಖಿತ ದಾಖಲೆಯನ್ನೇ ಪ್ರಮಾಣವೆಂದು ಹಿಡಿದಿದ್ದರೆ ಉಳುವವನೇ ಹೊಲದೊಡೆಯ ಎಂಬ ಘೋಷಣೆ ಗೋಡೆಬರಹವಾಗಿಯೇ ಉಳಿಯುತ್ತಿತ್ತು. ಮಂಡಳಿಯ ಮುಂದೆ ನೆರೆಹೊರೆಯವರ ಬಾಯಿಮಾತಿನ ಸಾಕ್ಷ್ಯ, ಸ್ಥಳ ಮಹಜರು, ಊರಿನ ನೆನಪು ಇವುಗಳಿಗೆ ಮಾನ್ಯತೆ ದೊರೆಯಿತು. 7ನೇ ನಮೂನೆಯ ಅರ್ಜಿ, ಕರಾವಳಿಯವರ ಬಾಯಲ್ಲಿ ಡಿಕ್ಲರೇಶನ್, ಎಷ್ಟೋ ಕುಟುಂಬಗಳ ಚರಿತ್ರೆಯಲ್ಲಿ ತಮ್ಮ ಹಕ್ಕಿನ ಪರವಾಗಿ ಹೆಬ್ಬೆಟ್ಟು ಒತ್ತಿದ ಮೊದಲ ಕಾಗದ. ಮೌಖಿಕ ಪರಂಪರೆಯ ಬಗ್ಗೆ ಅಪಾರವಾಗಿ ಬರೆದಿರುವ ನಮ್ಮ ವಿಭಾಗಗಳು ತಾಲ್ಲೂಕು ಕಚೇರಿಗಳಲ್ಲಿ ಕಟ್ಟುಕಟ್ಟಾಗಿ ಬಿದ್ದಿರುವ ಆ ಹೇಳಿಕೆಗಳನ್ನು ಪಠ್ಯವೆಂದು ಪರಿಗಣಿಸಿ ಓದಲು ಇನ್ನೂ ಮನಸ್ಸು ಮಾಡಿಲ್ಲ. ಗೆದ್ದಲು ಮೊದಲು ಓದಿ ಮುಗಿಸುವ ಸಾಧ್ಯತೆಯೇ ಹೆಚ್ಚು.

ಎಂಟು ಲಕ್ಷಕ್ಕೂ ಮೀರಿ ಅರ್ಜಿಗಳು ಬಂದವು. ಅರ್ಧಕ್ಕಿಂತ ಹೆಚ್ಚಿನವು ಗೇಣಿದಾರರ ಪರವಾಗಿ ತೀರ್ಮಾನವಾದವು. ದಕ್ಷಿಣ ಕನ್ನಡ, ಉತ್ತರ ಕನ್ನಡ, ಶಿವಮೊಗ್ಗದ ಮಲೆನಾಡು ಈ ಭಾಗಗಳಲ್ಲಿ ಬದಲಾವಣೆ ಆಳವಾಗಿತ್ತು. ಚಾಲಗೇಣಿಯ ಅತಂತ್ರದಲ್ಲಿದ್ದ ಬಿಲ್ಲವ, ಗೌಡ, ಹಾಲಕ್ಕಿ, ದೀವರ ಮನೆಗಳು ಒಂದು ತಲೆಮಾರಿನೊಳಗೆ ಜಮೀನಿನ ಒಡೆತನಕ್ಕೂ ಮಕ್ಕಳ ಕಾಲೇಜು ಶಿಕ್ಷಣಕ್ಕೂ ಏರಿದವು. ಮಠ, ದೇವಸ್ಥಾನ, ಬ್ರಾಹ್ಮಣ ಮತ್ತು ಬಂಟ ಮನೆತನಗಳು ಕಳೆದುಕೊಂಡವು. ಆದರೆ ಮೈಸೂರು, ಮಂಡ್ಯದ ಬಯಲಿನಲ್ಲಿಯೂ ಉತ್ತರ ಕರ್ನಾಟಕದ ಕಪ್ಪು ಮಣ್ಣಿನ ಸೀಮೆಯ ಬಹುಭಾಗದಲ್ಲಿಯೂ ಗೇಣಿ ಅಷ್ಟು ವ್ಯಾಪಕವಾಗಿರಲಿಲ್ಲ. ಅಲ್ಲಿನ ಪ್ರಬಲ ಜಾತಿಗಳು ಸ್ವತಃ ಬೇಸಾಯ ಮಾಡುವವರು, ಅಥವಾ ಕೂಲಿಯಿಂದ ಮಾಡಿಸುವವರು. ಗೇಣಿಯ ಮೇಲೆ ಬಿದ್ದ ಕೊಡಲಿ ಅವರನ್ನು ಮುಟ್ಟಲಿಲ್ಲ. ಮಿತಿಗಿಂತ ಹೆಚ್ಚಿನ ಭೂಮಿಯನ್ನು ವಶಪಡಿಸಿಕೊಂಡು ಹಂಚುವ ಭಾಗ ಮೊದಲಿನಿಂದಲೂ ಕುಂಟಿತು. ಹೀಗಾಗಿ ಗೇಣಿಗೂ ಗತಿಯಿಲ್ಲದೆ ಕೂಲಿ ಮಾಡುತ್ತಿದ್ದ ದಲಿತನಿಗೆ ಈ ಸುಧಾರಣೆಯಿಂದ ದೊರೆತದ್ದು ಅತ್ಯಲ್ಪ. ಒಂದೆರಡು ಎಕರೆಯನ್ನು ಗೇಣಿಗೆ ಕೊಟ್ಟು ಬದುಕುತ್ತಿದ್ದ ವಿಧವೆಯರೂ ದೊಡ್ಡ ಧಣಿಗಳ ಸಾಲಿನಲ್ಲೇ ನಿಂತು ಜಮೀನು ಕಳೆದುಕೊಂಡರು. ಎದುರಾಳಿಗಳನ್ನು ಒಟ್ಟಿಗೇ ಕೆಣಕದೆ, ಎಲ್ಲಿ ಪ್ರತಿರೋಧ ಕಡಿಮೆಯೋ ಅಲ್ಲಿ ಆಳವಾಗಿ ಅಗೆದ ಈ ಕ್ರಮವನ್ನು ಜಾಣತನವೆನ್ನಬಹುದು, ಹಿಂಜರಿಕೆಯೆಂದೂ ಹೇಳಬಹುದು. ಎರಡೂ ಸರಿಯೆಂದೇ ನನಗನ್ನಿಸುತ್ತದೆ.

ದಲಿತರ ಪ್ರಶ್ನೆಯಲ್ಲಿ ಅರಸು ಅವರ ನಿಲುವಿನ ಮಿತಿ 1973ರಲ್ಲಿಯೇ ಪ್ರಕಟವಾಗಿತ್ತು. ತಲೆಯ ಮೇಲೆ ಮಲ ಹೊರುವ ಪದ್ಧತಿಯನ್ನು ನಿಷೇಧಿಸಿದ ಬಿ. ಬಸವಲಿಂಗಪ್ಪನವರು ಅವರ ಸಂಪುಟದ ಅತ್ಯಂತ ದಿಟ್ಟ ಸಚಿವರು. ಆ ವರ್ಷದ ನವೆಂಬರಿನಲ್ಲಿ ಮೈಸೂರಿನ ಸಭೆಯೊಂದರಲ್ಲಿ ಕನ್ನಡ ಸಾಹಿತ್ಯದ ಬಹುಭಾಗವನ್ನು ಬೂಸಾ ಎಂದು ಅವರು ಕರೆದದ್ದಕ್ಕೆ ಭುಗಿಲೆದ್ದ ಗಲಭೆಯಲ್ಲಿ ದಲಿತ ವಿದ್ಯಾರ್ಥಿಗಳ ಮೇಲೆ ಹಲ್ಲೆಗಳಾದವು. ಕುವೆಂಪು ಬಸವಲಿಂಗಪ್ಪನವರ ಬೆಂಬಲಕ್ಕೆ ನಿಂತರು. ಮುಖ್ಯಮಂತ್ರಿ ನಿಲ್ಲಲಿಲ್ಲ, ಬಸವಲಿಂಗಪ್ಪ ರಾಜೀನಾಮೆ ಕೊಡಬೇಕಾಯಿತು. ಭೂಸುಧಾರಣೆಯ ತಿದ್ದುಪಡಿ ಜಾರಿಗೆ ಬರಲು ಇನ್ನು ಕೆಲವೇ ತಿಂಗಳುಗಳಿದ್ದವು. ಹೊಸದೊಂದು ಕದನವನ್ನು ಮೈಮೇಲೆ ಎಳೆದುಕೊಳ್ಳುವುದು ಬೇಡವೆಂಬ ಎಣಿಕೆ ಅರಸು ಅವರದಾಗಿದ್ದರೆ ಆಶ್ಚರ್ಯವಿಲ್ಲ. ಆದರೆ ಆ ಎಣಿಕೆಯಿಂದ ಆದ ಗಾಯವೇ ದಲಿತ ಸಂಘಟನೆಗೂ ಮುಂದಿನ ಸಾಹಿತ್ಯಕ್ಕೂ ಹುಟ್ಟುಕೊಟ್ಟಿತು. ಮುಂದೆ, ಪರಿಶಿಷ್ಟರಿಗೆ ಮಂಜೂರಾದ ಜಮೀನುಗಳ ಪರಭಾರೆಯನ್ನು ನಿಷೇಧಿಸಿ, ಕೈತಪ್ಪಿದ್ದನ್ನು ಮರಳಿ ಕೊಡಿಸುವ 1978ರ ಕಾಯ್ದೆಯನ್ನು ತಂದದ್ದೂ ಇದೇ ಅರಸು ಸರ್ಕಾರವೆಂಬುದನ್ನು ಮರೆಯುವಂತಿಲ್ಲ.

1972ರಲ್ಲಿ ನೇಮಕಗೊಂಡ ಎಲ್.ಜಿ. ಹಾವನೂರು ಅಧ್ಯಕ್ಷತೆಯ ಹಿಂದುಳಿದ ವರ್ಗಗಳ ಆಯೋಗ 1975ರ ನವೆಂಬರಿನಲ್ಲಿ ವರದಿ ಸಲ್ಲಿಸಿತು. ಅದು ಹಿಂದುಳಿದ ಸಮುದಾಯ, ಜಾತಿ, ಬುಡಕಟ್ಟುಗಳೆಂದು ಮೂರು ಸ್ತರಗಳನ್ನು ಗುರುತಿಸಿತು, ಲಿಂಗಾಯತರನ್ನು ಪಟ್ಟಿಯಿಂದ ಹೊರಗಿಟ್ಟಿತು. 1977ರ ಫೆಬ್ರವರಿಯ ಸರ್ಕಾರಿ ಆದೇಶ ಶಿಫಾರಸುಗಳನ್ನು ಕೆಲವು ಬದಲಾವಣೆಗಳೊಂದಿಗೆ ಒಪ್ಪಿ, ಮುಸ್ಲಿಮರನ್ನು ಸೇರಿಸಿ, ಜಾತಿಯನ್ನು ಪರಿಗಣಿಸದೆ ವರಮಾನ ಹಾಗೂ ಕಸುಬಿನ ಆಧಾರದ ವಿಶೇಷ ಗುಂಪೊಂದನ್ನೂ ರಚಿಸಿತು. ಆದೇಶ ನ್ಯಾಯಾಲಯದ ಮೆಟ್ಟಿಲೇರಿತು. 1979ರಲ್ಲಿ ಹೈಕೋರ್ಟ್ ಬಹುಪಾಲನ್ನು ಎತ್ತಿಹಿಡಿಯಿತಾದರೂ ಪಟ್ಟಿಯಿಂದ ಕೆಲವು ಹೆಸರುಗಳನ್ನು ತೆಗೆದುಹಾಕಿತು. ಅವುಗಳಲ್ಲಿ ಅರಸು ಸಮುದಾಯವೂ ಒಂದು. ಹಿಂದುಳಿದವರ ನಾಯಕನ ಜಾತಿ ಹಿಂದುಳಿದದ್ದಲ್ಲವೆಂದು ನ್ಯಾಯಾಲಯ ತೀರ್ಮಾನಿಸಿದ ಈ ಪ್ರಸಂಗವನ್ನು ಅಭಿಮಾನದ ಜೀವನಚರಿತ್ರೆಗಳು ಸಾಮಾನ್ಯವಾಗಿ ಸ್ಪರ್ಶಿಸುವುದಿಲ್ಲ.

ಹಾವನೂರು ವರದಿ ಬಂದ ಕಾಲ ತುರ್ತು ಪರಿಸ್ಥಿತಿಯದು. ಭೂನ್ಯಾಯಮಂಡಳಿಗಳ ಕೆಲಸ ಬಿರುಸಾಗಿ ನಡೆದದ್ದೂ, ಸಣ್ಣ ರೈತರು ಮತ್ತು ಕೂಲಿಕಾರರ ಸಾಲ ಮನ್ನಾ ಮಾಡುವ 1976ರ ಋಣಪರಿಹಾರ ಕಾಯ್ದೆ ಬಂದದ್ದೂ ಆಗಲೇ. ಅದೇ ಅವಧಿಯಲ್ಲಿ ಸಂಸ್ಕಾರ ಚಿತ್ರದ ಚಂದ್ರಿಯಾಗಿ ನಮಗೆಲ್ಲ ಪರಿಚಿತರಾದ ಸ್ನೇಹಲತಾ ರೆಡ್ಡಿ ಬೆಂಗಳೂರಿನ ಸೆರೆಮನೆಯಲ್ಲಿ ಕಾಯಿಲೆಯಿಂದ ನರಳಿ, ಬಿಡುಗಡೆಯಾದ ಕೆಲವೇ ದಿನಗಳಲ್ಲಿ, 1977ರ ಜನವರಿಯಲ್ಲಿ ತೀರಿಕೊಂಡರು. ಲಾರೆನ್ಸ್ ಫರ್ನಾಂಡಿಸ್ ಅವರನ್ನು ಪೊಲೀಸರು ಚಿತ್ರಹಿಂಸೆಗೆ ಗುರಿಪಡಿಸಿದರು. ಇತರ ರಾಜ್ಯಗಳಿಗೆ ಹೋಲಿಸಿದರೆ ಇಲ್ಲಿ ದಬ್ಬಾಳಿಕೆ ಕಡಿಮೆಯಿತ್ತೆಂಬ ಮಾತು ಪ್ರಚಲಿತವಾಗಿದೆ. ಅದು ಹೋಲಿಕೆಯ ಮಾತಾದೀತೇ ಹೊರತು ಸಮರ್ಥನೆಯಾಗಲಾರದು. ಗೇಣಿದಾರನಿಗೆ ಬಾಯಿ ಕೊಟ್ಟ ಸರ್ಕಾರವೇ ಪತ್ರಿಕೆಗಳ ಬಾಯಿ ಕಟ್ಟಿದ್ದ ಕೇಂದ್ರದ ಆಜ್ಞಾಧಾರಕನಾಗಿತ್ತು.

1977ರಲ್ಲಿ ಉತ್ತರ ಭಾರತದಲ್ಲಿ ಕಾಂಗ್ರೆಸ್ ನೆಲಕಚ್ಚಿದರೂ ಕರ್ನಾಟಕದಲ್ಲಿ 28ರಲ್ಲಿ 26 ಸ್ಥಾನ ಗೆದ್ದಿತು. ಕೇಂದ್ರದ ಜನತಾ ಸರ್ಕಾರ ಅರಸು ವಿರುದ್ಧದ ಆರೋಪಗಳ ವಿಚಾರಣೆಗೆ ನ್ಯಾಯಮೂರ್ತಿ ಎ.ಎನ್. ಗ್ರೋವರ್ ಆಯೋಗವನ್ನು ನೇಮಿಸಿತು. ರಾಜ್ಯ ಇದನ್ನು ಪ್ರಶ್ನಿಸಿ ಸುಪ್ರೀಂ ಕೋರ್ಟಿನಲ್ಲಿ ಸೋತಿತು. ಕೇಂದ್ರ-ರಾಜ್ಯ ಸಂಬಂಧದ ಚರ್ಚೆಯಲ್ಲಿ ಆ ತೀರ್ಪನ್ನು ಇಂದಿಗೂ ಉಲ್ಲೇಖಿಸಲಾಗುತ್ತದೆ. ಕೆಲವು ಆರೋಪಗಳಲ್ಲಿ ಹುರುಳಿದೆಯೆಂದು ಆಯೋಗ ಕಂಡಿತು. ಪ್ರಬಲ ಜಾತಿಗಳ ಹಣಬಲವಿಲ್ಲದ ರಾಜಕಾರಣವನ್ನು ನಡೆಸಲು ಅರಸು ಅಧಿಕಾರದ ಮೂಲಕವೇ ಹಣ ಕೂಡಿಸಿದರೆಂಬ ವಿವರಣೆ ಅವರ ಬೆಂಬಲಿಗರಲ್ಲಿಯೂ ಇದೆ. ಆದರೆ ಆ ಹಾದಿ ಅವರಲ್ಲಿಗೇ ನಿಲ್ಲಲಿಲ್ಲ. ವರ್ಷಾಂತ್ಯದಲ್ಲಿ ಸರ್ಕಾರ ವಜಾಗೊಂಡು ರಾಷ್ಟ್ರಪತಿ ಆಳ್ವಿಕೆ ಬಂದರೂ 1978ರ ಚುನಾವಣೆಯಲ್ಲಿ 224ರಲ್ಲಿ 149 ಸ್ಥಾನಗಳೊಡನೆ ಅರಸು ಮರಳಿದರು. ಹಾವನೂರು ಅವರ ಸಂಪುಟ ಸೇರಿದರು. ಆ ವರ್ಷದ ನವೆಂಬರಿನಲ್ಲಿ ಚಿಕ್ಕಮಗಳೂರಿನ ಉಪಚುನಾವಣೆಯಲ್ಲಿ ವೀರೇಂದ್ರ ಪಾಟೀಲರನ್ನು 70 ಸಾವಿರಕ್ಕೂ ಹೆಚ್ಚು ಮತಗಳಿಂದ ಸೋಲಿಸಿ ಇಂದಿರಾ ಗಾಂಧಿ ಸಂಸತ್ತಿಗೆ ಹಿಂದಿರುಗಿದ್ದರ ಹಿಂದೆ ಅರಸು ಅವರ ಸಂಘಟನೆಯಿತ್ತು.

ಏಳೇ ತಿಂಗಳಲ್ಲಿ ಇಬ್ಬರೂ ಬೇರೆಯಾದರು. 1979ರ ಮಧ್ಯಭಾಗದಲ್ಲಿ ಪಕ್ಷದಿಂದ ಹೊರಬಿದ್ದ ಅರಸು ತಮ್ಮದೇ ಕಾಂಗ್ರೆಸ್ಸಿನ ಅಧ್ಯಕ್ಷರಾದರು. ಶಾಸಕರಲ್ಲಿ ಬಹುಮಂದಿ ಮೊದಲಿಗೆ ಅವರೊಡನಿದ್ದರು. 1980ರ ಜನವರಿಯ ಲೋಕಸಭಾ ಚುನಾವಣೆಯಲ್ಲಿ ಇಂದಿರಾ ಕಾಂಗ್ರೆಸ್ ರಾಜ್ಯದ 28ರಲ್ಲಿ 27 ಸ್ಥಾನ ಗೆದ್ದಾಗ ಆ ಶಾಸಕರು ರಾತ್ರೋರಾತ್ರಿ ಸರಿದುಹೋದರು. ಅರಸು ರಾಜೀನಾಮೆ ಕೊಟ್ಟರು, ಆರ್. ಗುಂಡೂರಾವ್ ಮುಖ್ಯಮಂತ್ರಿಯಾದರು. ಜಮೀನು ಪಡೆದ ಗೇಣಿದಾರ ಹಸ್ತದ ಗುರುತಿಗೇ ಓಟು ಹಾಕಿದ್ದನು. ತಾನು ಒಕ್ಕಲುತನದಿಂದ ಬಿಡುಗಡೆಯಾದದ್ದು ಇಂದಿರಮ್ಮನಿಂದ ಎಂದು ಅವನು ನಂಬಿದ್ದರೆ ಆ ನಂಬಿಕೆಯನ್ನು ಎಂಟು ವರ್ಷ ಬಿತ್ತಿದವರು ಅರಸು ಅವರೇ. ಮಂಡಳಿ, ಆಯೋಗ, ಆದೇಶಗಳನ್ನು ಕಟ್ಟಿದಷ್ಟು ಶ್ರದ್ಧೆಯಿಂದ ಅವರು ಪಕ್ಷವನ್ನು ತಳಮಟ್ಟದಲ್ಲಿ ಕಟ್ಟಿರಲಿಲ್ಲ. ಅನುಯಾಯಿಗಳಿದ್ದರು, ಸಂಘಟನೆ ಇರಲಿಲ್ಲ.

ಕೊನೆಯ ವರ್ಷಗಳಲ್ಲಿ ಕರ್ನಾಟಕ ಕ್ರಾಂತಿರಂಗವನ್ನು ಸ್ಥಾಪಿಸಿದರು. 1982ರ ಜೂನ್ 6ರಂದು, ಅರವತ್ತಾರನೆಯ ವಯಸ್ಸಿನಲ್ಲಿ, ನಿಧನರಾದರು. ಏಳು ತಿಂಗಳ ನಂತರ, 1983ರ ಜನವರಿಯಲ್ಲಿ, ಜನತಾ ಪಕ್ಷ ಮತ್ತು ಕ್ರಾಂತಿರಂಗ ಕೂಡಿ ರಾಜ್ಯದಲ್ಲಿ ಮೊದಲ ಬಾರಿಗೆ ಕಾಂಗ್ರೆಸ್ಸನ್ನು ಅಧಿಕಾರದಿಂದ ಇಳಿಸಿದವು. ಕ್ರಾಂತಿರಂಗದ ಮುಂದಾಳಾಗಿದ್ದ ಎಸ್. ಬಂಗಾರಪ್ಪನವರಿಗೆ ಮುಖ್ಯಮಂತ್ರಿ ಪದವಿ ಆಗ ದೊರೆಯಲಿಲ್ಲ, ಅದು ರಾಮಕೃಷ್ಣ ಹೆಗಡೆಯವರಿಗೆ ಹೋಯಿತು. ಬೇಸಾಯಗಾರರಲ್ಲದವರು ಕೃಷಿಭೂಮಿ ಕೊಳ್ಳದಂತೆ 1974ರ ತಿದ್ದುಪಡಿ ಹಾಕಿದ್ದ ತಡೆಯನ್ನು ಹಂತಹಂತವಾಗಿ ಸಡಿಲಿಸುತ್ತ ಬಂದು, 2020ರಲ್ಲಿ ಪೂರ್ತಿಯಾಗಿ ತೆಗೆದುಹಾಕಲಾಯಿತು.